ಎಂಬತ್ತಮೂರು ಅಂಗುಲ

ಊರಿನವರು ನಮ್ಮಕ್ಕನನ್ನು ಟೇಪಕ್ಕ ಎಂದು ಕರೆಯುತ್ತಿದ್ದರು. ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಡೀ ಊರಿಗೆ ಒಂದೇ ಇತ್ತು, ಅದು ಅವಳದು. ಬಾಡಿಗೆಗೆ ಕೊಡುವುದೇನು ಮಹಾ, ಕೈಕಾಲು ಗಟ್ಟಿಯಿರುವ ಯಾರು ಬೇಕಾದರೂ ಕೊಟ್ಟಾರು. ಕೆಟ್ಟ ಕ್ಯಾಸೆಟ್ಟನ್ನು ಬದುಕಿಸುವುದು ಮಾತ್ರ ಅವಳೊಬ್ಬಳಿಗೇ ಬರುತ್ತಿತ್ತು. ಜನರ ಮನೆಯ ಪ್ಲೇಯರುಗಳು ಟೇಪನ್ನು ಒಳಗೆಳೆದುಕೊಂಡು ಅಗಿದು ಮುದ್ದೆ ಮಾಡಿರುತ್ತಿದ್ದವು. ಅಕ್ಕ ಐದು ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, ಸುಕ್ಕಾದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸಿ, ಬೆರಳಿನಿಂದ ಗಾಲಿ ತಿರುಗಿಸಿ ಬಿಗಿ ಮಾಡಿ ಮುಚ್ಚುತ್ತಿದ್ದಳು.

"ಕೆಟ್ಟದ್ದನ್ನ ಕತ್ತರಿಸು, ಒಳ್ಳೇದನ್ನ ಅಂಟಿಸು. ಅಷ್ಟೇ ವಿದ್ಯೆ," ಎನ್ನುತ್ತಿದ್ದಳು. ಗಂಡನನ್ನು ಬಿಟ್ಟು ಬಂದದ್ದರ ಬಗ್ಗೆ ಯಾರಾದರೂ ಕೆದಕಿದರೂ ಇದೇ ಉತ್ತರ. "ಕತ್ತರಿಸಿದ ಮೇಲೆ ನೋಡಿದ್ರೆ ಅಂಟಿಸೋಕೆ ಏನೂ ಉಳಿದಿರ್ಲಿಲ್ಲ, ಏನ್ಮಾಡೋದು?"

ಗಿರಾಕಿಗಳು ಸುಮ್ಮನಿರುತ್ತಾರೆಯೇ? "ಟೇಪಕ್ಕ, ಹೀರೋ ಬಾಗಿಲು ತೆಗೆದ, ನೋಡಿದ್ರೆ ಆಸ್ಪತ್ರೇಲಿ ಮಲಗಿದಾನೆ. ಇದೇನಿದು?" ಎಂದು ಜಗಳಕ್ಕೆ ಬರುತ್ತಿದ್ದರು. "ಮಧ್ಯೆ ಏನಾಗಿರುತ್ತೆ ಅಂತ ಅಷ್ಟೂ ಹೊಳೆಯಲ್ವಾ ನಿಂಗೆ? ಬಾಗಿಲ ಹಿಂದೆ ಯಾರೋ ಇದ್ರು, ಚೆನ್ನಾಗಿ ಒದೆ ಬಿತ್ತು. ಹೋಗು," ಎಂದು ಕಳಿಸುತ್ತಿದ್ದಳು. ಅವರೂ ಒಪ್ಪಿಕೊಂಡು ಹೋಗುತ್ತಿದ್ದರು. ಬಿಟ್ಟುಹೋದ ಜಾಗವನ್ನು ಜನ ತಾವೇ ತುಂಬಿಕೊಳ್ಳುತ್ತಾರೆ ಎಂಬುದು ನಮಗಿಬ್ಬರಿಗೂ ಆಗಲೇ ಗೊತ್ತಿತ್ತು. ಅದು ಎಷ್ಟು ಅಪಾಯದ ಸಂಗತಿ ಎಂಬುದು ಮಾತ್ರ ಗೊತ್ತಿರಲಿಲ್ಲ.

ನಾನು ಅವಳ ತಂಗಿ, ಐದು ವರ್ಷ ಚಿಕ್ಕವಳು. ಅಂಗಡಿಯಲ್ಲಿ ನನ್ನ ಕೆಲಸ ವಾಪಸು ಬಂದ ಕ್ಯಾಸೆಟ್ಟುಗಳನ್ನು ಹಿಂದಕ್ಕೆ ಸುತ್ತುವುದು, ಪೆಟ್ಟಿಗೆಗಳ ಮೇಲೆ ಹೆಸರು ಬರೆದು ಅಂಟಿಸುವುದು, ಬಂದವರ ಹರಟೆಗೆ ಹೂಂಗುಟ್ಟುವುದು. ಅಂಗಡಿಯ ಮೇಲೆಯೇ ನಮ್ಮ ಮನೆ. ಮೆಟ್ಟಿಲು ಹದಿನೆಂಟು. ಮೇಲೆ ಅಮ್ಮ ಇದ್ದಳು, ಎಪ್ಪತ್ತಾರು ವರ್ಷ, ಎರಡೂ ಮಂಡಿ ಕೈಕೊಟ್ಟಿದ್ದವು. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವ ದಿನ ಶಾಲೆಯ ಮಕ್ಕಳ ವ್ಯಾನ್ ಓಡಿಸುವವನು ಬಂದು ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದ. ಅವನನ್ನು ಎಲ್ಲರೂ ವ್ಯಾನಣ್ಣ ಎಂದೇ ಕರೆಯುತ್ತಿದ್ದದ್ದು. ಹೊತ್ತದ್ದಕ್ಕೆ ಏನಾದರೂ ತಗೋ ಎಂದರೆ, "ಶನಿವಾರ ಒಂದು ಒಳ್ಳೇ ಕ್ಯಾಸೆಟ್ ತೆಗೆದಿಟ್ಟಿರಿ ಅಕ್ಕ, ಸಾಕು," ಎನ್ನುತ್ತಿದ್ದ.

ನಮ್ಮ ಮನೆಯ ಮಾತಿನ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಬೇರೆ ಮನೆಗಳಲ್ಲಿ ಅಕ್ಕಿ ಮುಗಿದರೆ 'ಮುಗಿಯಿತು' ಎನ್ನುವುದಿಲ್ಲ, 'ತುಂಬಿದೆ' ಎನ್ನುತ್ತಾರೆ. ದೀಪ ಆರಿಸು ಎನ್ನುವುದಿಲ್ಲ, 'ದೀಪ ದೊಡ್ಡದು ಮಾಡು' ಎನ್ನುತ್ತಾರೆ. ಕೆಟ್ಟ ಮಾತು ಬಾಯಲ್ಲಿ ಬರಬಾರದಂತೆ. ಅಮ್ಮ ಅಂಥದ್ದನ್ನು ಹೊಸಿಲೊಳಗೆ ಬಿಟ್ಟುಕೊಂಡವಳಲ್ಲ. "ಆರಿಸು ಅಂದ್ರೆ ಆರಿಸು. ಮುಗೀತು ಅಂದ್ರೆ ಮುಗೀತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ನಾಲಿಗೆ ಸುಡ್ತೀನಿ," ಎನ್ನುತ್ತಿದ್ದಳು. ಪಕ್ಕದ ಮನೆಯವರು ನಮ್ಮನ್ನು ಬಾಯಿ ಸರಿಯಿಲ್ಲದವರು ಎಂದು ಬಗೆದಿದ್ದರು. ಅಮ್ಮ ಹಾಗಾದದ್ದಕ್ಕೆ ಕಾರಣ ಅವಳ ಅಜ್ಜಿ.

ಒಂಟಿಕಡಗ ಎಂಬ ಬಂಡುಕೋರನ ಕಥೆ ನಮ್ಮ ಕಡೆ ಹಳಬರಿಗೆಲ್ಲ ಗೊತ್ತು. ದೊರೆಗಳಿಗೆ ಅವನು ದರೋಡೆಕೋರ, ಬಡವರಿಗೆ ದೇವರಂಥವನು. ಒಂದು ಕೈಗೆ ಮಾತ್ರ ಕಡಗ ಇತ್ತು, ಇನ್ನೊಂದನ್ನು ಯಾರೋ ಬಾಣಂತಿಗೆ ಬಿಚ್ಚಿ ಕೊಟ್ಟಿದ್ದನಂತೆ. ಗುಂಡೇಟು ತಿಂದ ಅವನನ್ನು ಒಬ್ಬ ಅಂಬಿಗ ಹೊಳೆ ದಾಟಿಸಿದ. ಈಚೆ ದಡದ ಒಂದು ಮನೆಯಲ್ಲಿ ಅವನು ಅಡಗಿದ. ಆಚೆ ದಡದಲ್ಲಿ ಸಿಪಾಯಿಗಳಿದ್ದರು. ಊರಿನ ದೀಪಗಳೆಲ್ಲ ಆರಿದ್ದಾಗ ಆ ಮನೆಯ ಕಿಟಕಿಯಲ್ಲಿ ಮಾತ್ರ ದೀಪ ಉರಿಯಿತು. ಸಿಪಾಯಿಗಳು ಅದನ್ನೇ ಗುರಿ ಹಿಡಿದು ಬಂದರು, ಅವನು ಸಿಕ್ಕಿದ, ಗಲ್ಲಿಗೇರಿದ. ಮನೆಯ ಕೆಲಸದವಳು ಒಂದು ಉಂಗುರದ ಆಸೆಗೆ ದೀಪ ಎತ್ತಿದಳು ಎಂದು ಹಾಡಿದೆ.

ಆ ಕೆಲಸದವಳು ಅಮ್ಮನ ಅಜ್ಜಿ. ಆಗ ಅವಳಿಗೆ ಒಂಬತ್ತು ವರ್ಷ. ಆಚೆ ದಡದಿಂದ ಕೆಲಸಕ್ಕೆ ಬಂದು ಎರಡೇ ದಿನವಾಗಿತ್ತು. ಅವಳ ಕಡೆ ದೀಪ ಆರಿಸುವುದಕ್ಕೆ ಆರಿಸು ಎಂದೇ ಹೇಳುತ್ತಿದ್ದರು. ಇಲ್ಲಿ ಯಜಮಾನಿ ಗಾಬರಿಯಲ್ಲಿ ಓಡಿ ಬಂದು, "ಹುಡುಗೀ, ಬೇಗ ದೀಪ ದೊಡ್ಡದು ಮಾಡು!" ಎಂದಳು. ಹುಡುಗಿ ಬೇಗ ಬೇಗ ಬತ್ತಿ ಏರಿಸಿದಳು, ಎಣ್ಣೆ ಸುರಿದಳು. ಇನ್ನೂ ದೊಡ್ಡದಾಗಲಿ ಎಂದು ಕಿಟಕಿಯಲ್ಲಿ ಇಟ್ಟಳು. ಹೇಳಿದ ಕೆಲಸ ಸರಿಯಾಗಿ ಮಾಡಿದೆ ಅಂತ ಖುಷಿಯಾಗಿತ್ತು ಕಣೇ, ಎಂದು ಮುದುಕಿಯಾದ ಮೇಲೂ ಅಳುತ್ತಿದ್ದಳಂತೆ. ಮರುದಿನ ಯಜಮಾನಿ ತನ್ನ ತಲೆ ಉಳಿಸಿಕೊಳ್ಳಲು ಉಂಗುರದ ಕಥೆ ಕಟ್ಟಿದಳು. ಕಟ್ಟಿದ ಕಥೆ ಹಾಡಾಯಿತು.

ನಾವು ಹುಟ್ಟಿದ್ದು ಆ ಹೊಳೆದಂಡೆಯ ಊರಿನಲ್ಲೇ, ಅಲ್ಲಿ ನಮ್ಮನ್ನು 'ದೀಪದವರು' ಎಂದು ಕರೆಯುತ್ತಿದ್ದರು. ನಮ್ಮ ಮನೆಯ ಹೆಂಗಸರು ಯಾರೂ ಉಂಗುರ ಹಾಕುತ್ತಿರಲಿಲ್ಲ. ಅಕ್ಕ ಶಾಲೆಗೆ ಹೊರಟರೆ ಮಕ್ಕಳು ಎದುರು ನಿಂತು ಕೆನ್ನೆ ಉಬ್ಬಿಸಿ 'ಉಫ್' ಎಂದು ಊದುತ್ತಿದ್ದರು, ದೀಪ ಆರಿಸುವ ಹಾಗೆ. ಒಂದು ದಿನ ಅವಳು ಊದಿದವನ ಕಿವಿ ಕಚ್ಚಿ ಬಂದಳು. ಆ ವರ್ಷವೇ ಅಪ್ಪ ಗಂಟುಮೂಟೆ ಕಟ್ಟಿ ನಮ್ಮನ್ನು ಈ ಊರಿಗೆ ಕರೆತಂದರು. ದೀಪದ ವಿಷಯ ಇಲ್ಲಿ ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಅಷ್ಟು ನೇರ ಮಾತಿನವಳು ಇದನ್ನು ಮಾತ್ರ ಮುಚ್ಚಿಟ್ಟಳು. ಮುಚ್ಚಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂಬುದು ಅವಳ ವಾದ.

ಹೀಗಿರುವಾಗ ಒಂಟಿಕಡಗನ ಸಿನಿಮಾ ಬಂತು. ನಮ್ಮ ಊರಿನ ಟಾಕೀಸು ಅಷ್ಟರಲ್ಲಿ ಸಿಮೆಂಟ್ ಗೋದಾಮಾಗಿತ್ತು, ಹಾಗಾಗಿ ಇಲ್ಲಿಯವರು ಯಾರೂ ಅದನ್ನು ಪರದೆಯ ಮೇಲೆ ನೋಡಿರಲಿಲ್ಲ. ಕ್ಯಾಸೆಟ್ ಯಾವಾಗ ಬರುತ್ತೆ ಎಂದು ಆರು ತಿಂಗಳಿಂದ ಅಂಗಡಿಯ ಮುಂದೆ ಕೇಳಿದ್ದೇ ಕೇಳಿದ್ದು. ಅಕ್ಕ ಎದೆ ಗಟ್ಟಿ ಮಾಡಿಕೊಂಡು ಆರು ಪ್ರತಿ ತರಿಸಿದಳು. ತರಿಸದಿದ್ದರೆ ಜನ ಪಕ್ಕದ ಊರಿಂದ ತಂದು ನೋಡುತ್ತಿದ್ದರು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ನಾವಿಬ್ಬರೇ ನೋಡಿದೆವು. ಸಿನಿಮಾ ಚೆನ್ನಾಗಿಯೇ ಇತ್ತು, ಅದೇ ಹೊಟ್ಟೆ ಉರಿಯುವ ವಿಷಯ. ಅಂಬಿಗ ಗಾಯಾಳುವನ್ನು ದಡಕ್ಕೆ ಇಳಿಸುತ್ತಾನೆ. ಸ್ವಲ್ಪ ಹೊತ್ತು ನಿಂತು ನೋಡಿ, ದೋಣಿ ತಿರುಗಿಸಿ, ಆಚೆ ದಡದ ಕಡೆಗೆ ಹುಟ್ಟು ಹಾಕುತ್ತಾನೆ. ಆಮೇಲೆ ಆ ದೃಶ್ಯ. ಒಂಬತ್ತು ವರ್ಷದ ಹುಡುಗಿಯ ಜಾಗದಲ್ಲಿ ಮೈಕೈ ತುಂಬಿಕೊಂಡ ಒಬ್ಬ ನಟಿ. ಉಂಗುರವನ್ನು ಬೆರಳಿಗೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಾಳೆ. ಆಮೇಲೆ ನಗುತ್ತಾ ದೀಪವನ್ನು ಕಿಟಕಿಗೆ ಎತ್ತುತ್ತಾಳೆ. ಅದಾದ ಮೇಲೆ ಸಿಪಾಯಿಗಳ ದೋಣಿಗಳು ಬರುತ್ತವೆ.

ಅಕ್ಕ ಎದ್ದು ಪ್ಲೇಯರು ನಿಲ್ಲಿಸಿದಳು. "ನಗ್ತಾಳಲ್ಲೇ," ಎಂದಳು. "ಹಾಡಲ್ಲಿ ನಗು ಇರ್ಲಿಲ್ಲ. ಇವರು ನಗಿಸಿದಾರೆ." ಇದನ್ನು ಅಮ್ಮ ನೋಡದೆ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕ್ಯಾಸೆಟ್ ಬಂದ ಸುದ್ದಿ ಅವಳ ಕಿವಿಗೆ ಬಿದ್ದಾಗಿತ್ತು, ಬೆಳಿಗ್ಗೆಯಿಂದ ಊಟ ಬಿಟ್ಟು ಕೂತಿದ್ದಳು.

ಅಕ್ಕ ಸ್ಕ್ರೂಡ್ರೈವರ್ ತೆಗೆದಳು. ದೀಪದ ದೃಶ್ಯ ಶುರುವಾಗುವ ಕಡೆ ಒಂದು ಗುರುತು, ಮುಗಿಯುವ ಕಡೆ ಒಂದು ಗುರುತು. ದರ್ಜಿಯ ಪಟ್ಟಿ ಹಿಡಿದು ಅಳೆದಳು. ಎಂಬತ್ತಮೂರು ಅಂಗುಲ. ಆರೂ ಕ್ಯಾಸೆಟ್ಟಿನಿಂದ ಅಷ್ಟಷ್ಟನ್ನು ಕತ್ತರಿಸಿದಳು. ನಾನು ತಡೆಯಲಿಲ್ಲ, ತುದಿ ಹಿಡಿದುಕೊಂಡು ಕೂತೆ. ನಿಜ ಹೇಳಬೇಕೆಂದರೆ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ನೂರು ವರ್ಷದ ಸುಳ್ಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಸುರುಳಿಯಾಗಿ ಬಿದ್ದಿತ್ತು, ಮುಚ್ಚಳ ಒತ್ತಿದ್ದು ನಾನೇ.

ಅಮ್ಮ ಅಂದು ಸಂಜೆಯೇ ನೋಡಿದಳು. ಅಂಬಿಗ ದೋಣಿ ತಿರುಗಿಸಿದ, ಚಿತ್ರ ಒಮ್ಮೆ ನಡುಗಿತು, ಸಿಪಾಯಿಗಳ ದೋಣಿ ಬಂತು. ಅಮ್ಮ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದುಕೊಂಡಳು. ಮುಗಿಯುವ ತನಕ ಕಾದಳು. "ದೀಪ ಬರ್ಲೇ ಇಲ್ವಲ್ಲೇ," ಎಂದಳು.

"ಇಲ್ಲಮ್ಮ," ಎಂದಳು ಅಕ್ಕ.

"ಉಂಗುರಾನೂ ಇಲ್ಲ."

"ಇಲ್ಲ."

ಅಮ್ಮ ಅತ್ತದ್ದನ್ನು ನಾನು ಅಪ್ಪ ಸತ್ತಾಗ ನೋಡಿದ್ದೆ, ಆಮೇಲೆ ಆವತ್ತು. "ಹಾಗಾದ್ರೆ ಸಿಪಾಯಿಗಳು ಬಂದದ್ದು ಅಜ್ಜಿಯ ದೀಪ ನೋಡಿ ಅಲ್ಲ. ಯಾವನೋ ಪುಣ್ಯಾತ್ಮ ನಿಜ ಹುಡುಕಿ ತೆಗ್ದಿದಾನೆ. ಅಜ್ಜಿ ಇರ್ಬೇಕಿತ್ತು," ಎಂದಳು. ಅಕ್ಕ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಳು. ಅಮ್ಮ ಆ ವಾರ ಮೂರು ಸಲ ಅದೇ ಸಿನಿಮಾ ನೋಡಿದಳು. ವರ್ಷಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಒಂದು ಕ್ಯಾಸೆಟ್ ಅಮ್ಮನ ಹತ್ತಿರವೇ ಉಳಿಯಿತು, ಉಳಿದ ಐದು ಒಂದು ದಿನವೂ ಅಂಗಡಿಯಲ್ಲಿ ನಿಲ್ಲಲಿಲ್ಲ. ನೋಡಿದವರೆಲ್ಲ ಬಿಟ್ಟುಹೋದ ಜಾಗವನ್ನು ತುಂಬಿಕೊಂಡರು. ಅಂಬಿಗ ದೋಣಿ ತಿರುಗಿಸಿದ, ಮರುಕ್ಷಣ ಸಿಪಾಯಿಗಳು ಬಂದರು. ಅಂದ ಮೇಲೆ ಹೇಳಿಕೊಟ್ಟವನು ಯಾರು? ಇದಕ್ಕೆ ಬುದ್ಧಿವಂತಿಕೆ ಬೇಕೇ?

ಆ ಅಂಬಿಗನ ಮರಿಮಗನೇ ನಮ್ಮ ವ್ಯಾನಣ್ಣ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ, ಅವನೇ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದ್ದ. ಒಂಟಿಕಡಗನನ್ನು ದಾಟಿಸಿದ ಹುಟ್ಟು ಅವನ ಮನೆಯ ಗೋಡೆಯ ಮೇಲಿತ್ತು. ಹೋದವರಿಗೆಲ್ಲ ತೋರಿಸುತ್ತಿದ್ದ. ನಮಗೂ ಗೊತ್ತಿತ್ತು. ಗೊತ್ತಿದ್ದೂ ಬ್ಲೇಡ್ ಹಿಡಿದಾಗ ನಮ್ಮಿಬ್ಬರ ತಲೆಗೂ ಅವನ ನೆನಪು ಬರಲಿಲ್ಲ. ಇದಕ್ಕೆ ಏನು ಕಾರಣ ಕೊಟ್ಟರೂ ನನಗೇ ನಂಬಿಕೆ ಬರುವುದಿಲ್ಲ.

"ಹಾಡಲ್ಲಿ ಯಾರೋ ಹೆಂಗಸು ದೀಪ ಎತ್ತಿದ್ದು ಅಂತ ಇತ್ತಲ್ಲಪ್ಪ," ಎಂದು ಒಬ್ಬ ಮುದುಕ ಕೌಂಟರಿನಲ್ಲೇ ಕೇಳಿದ.

"ಆ ಹಾಡು ಕಟ್ಟಿದೋರು ಯಾರು? ದೋಣಿ ನಡೆಸೋರೇ ತಾನೆ ಹೇಳ್ತಿದ್ದದ್ದು? ತಮ್ಮ ತಪ್ಪನ್ನ ಯಾರೋ ಪಾಪದ ಹೆಂಗಸಿನ ತಲೆಗೆ ಕಟ್ಟಿದಾರೆ," ಎಂದ ಔಷಧಿ ಅಂಗಡಿಯವನು. "ಸಿನಿಮಾದವರು ಸುಮ್ನೆ ತೆಗೀತಾರಾ? ದಾಖಲೆ ಎಲ್ಲ ನೋಡಿರ್ತಾರೆ."

ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ಎತ್ತದೆ ಸ್ಕ್ರೂ ಬಿಗಿಯುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅನ್ನುತ್ತಾರಲ್ಲ, ಆ ಬರೆ ಕಾಯಿಸಿ ಕೊಟ್ಟವರು ನಾವು.

ವ್ಯಾನಿನಲ್ಲಿ ಮಕ್ಕಳು ಮೊದಲು ತಮಾಷೆಗೆ ಶುರುಮಾಡಿದವು. ಅವನು ಹತ್ತಿದ ಕೂಡಲೇ ಎಲ್ಲ ಸೇರಿ ಕೈ ಹಿಂದೆ ಮುಂದೆ ಆಡಿಸಿ ಹುಟ್ಟು ಹಾಕುವುದು. ಅವನೂ ನಕ್ಕ. ಆಮೇಲೆ ದೊಡ್ಡವರು ಸೇರಿಕೊಂಡರು. "ಹುಟ್ಟುಗುಣ ಸುಟ್ರೂ ಹೋಗಲ್ಲ," ಎಂದು ಅವನಿಗೆ ಕೇಳಿಸುವಂತೆ ಹೇಳಿ, ಹುಟ್ಟು ಎಂಬಲ್ಲಿ ಒತ್ತಿ ನಗುವುದು. ಒಬ್ಬಳು ತಾಯಿ ಮಗುವನ್ನು ವ್ಯಾನಿನಿಂದ ಬಿಡಿಸಿದಳು, ನೋಡಿ ಇನ್ನಿಬ್ಬರು ಬಿಡಿಸಿದರು. ಕಾರಣ ಕೇಳಿದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. "ಮಗುಗೆ ನಡೆದು ಅಭ್ಯಾಸ ಆಗ್ಲಿ ಅಂತ," ಎನ್ನುತ್ತಾರೆ. ಒಳ್ಳೆಯ ಮಾತೇ ಆಡುತ್ತಾರೆ. ಇಪ್ಪತ್ತೆರಡು ಮಕ್ಕಳಿದ್ದ ವ್ಯಾನಿನಲ್ಲಿ ಹದಿಮೂರು ಉಳಿದವು. ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಇನ್ನೂ ದೂರವಿತ್ತು. ಅವನು ಶನಿವಾರ ಕ್ಯಾಸೆಟ್ಟಿಗೂ ಬರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಬಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೌಂಟರಿನ ಮೇಲೆ ಎರಡೂ ಕೈ ಇಟ್ಟು ನಿಂತ.

"ಅಕ್ಕ, ನೀವು ಟೇಪ್ ಬಲ್ಲೋರು. ನಿಧಾನಕ್ಕೆ ಓಡಿಸಿ ನೋಡಿ ಹೇಳಿ. ನಮ್ಮ ಮುತ್ತಾತ ಸಿಪಾಯಿಗಳ ಹತ್ರ ಹೋಗೋದನ್ನ ತೋರ್ಸಿದಾರಾ?"

"ತೋರ್ಸಿಲ್ಲ," ಎಂದಳು ಅಕ್ಕ.

"ದೋಣಿ ತಿರುಗಿಸ್ತಾನಲ್ಲ."

"ತಿರುಗಿಸ್ದೆ ಇನ್ನೇನು? ಮನೆಗೆ ಹೋಗ್ಬೇಡ್ವಾ ಅವನು?"

"ನಾನೂ ಮೊದಲು ಎಲ್ಲರಿಗೂ ಅದನ್ನೇ ಹೇಳ್ತಿದ್ದೆ." "ಭಾವಮೈದುನನ ಮನೇಲಿ ಹತ್ತು ಸಲ ನೋಡಿದೆ ಅಕ್ಕ. ನೋಡ್ತಾ ನೋಡ್ತಾ, ಇರಬಹುದೇನೋ ಅನ್ನಿಸ್ತಿದೆ. ನಮ್ಮಪ್ಪ ಹೇಳಿದ್ದು ಅವರಪ್ಪ ಹೇಳಿದ್ದನ್ನ. ತಪ್ಪು ಮಾಡಿದೋನು ಮಕ್ಕಳ ಹತ್ರ ಹೇಳ್ಕೊಂಡಿರ್ತಾನಾ? ಹುಟ್ಟನ್ನ ನಿನ್ನೆ ಗೋಡೆಯಿಂದ ಇಳಿಸ್ದೆ. ಹಂಡೆ ಒಲೆಗೆ ಹಾಕಿ ಸುಟ್ಟುಬಿಡೋಣ ಅಂತಿದೀನಿ. ಸುಟ್ರೂ ಹೋಗಲ್ಲ ಅಂತಾರೆ, ನೋಡೋಣ." ನಗಲು ನೋಡಿದ, ಆಗಲಿಲ್ಲ.

ಅವನು ಹೋದ ಮೇಲೆ ಅಕ್ಕ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ನಾನು ಅವಳ ಕೈ ಹಿಡಿದೆ.

"ಹುಚ್ಚು ಹಿಡಿದಿದ್ಯಾ ನಿಂಗೆ? ಅಮ್ಮ ಮೇಲೆ ಕೂತು ನೆಮ್ಮದಿಯಾಗಿ ಉಸಿರಾಡ್ತಿದಾಳೆ. ಮತ್ತೆ ಅದನ್ನ ಅಂಟಿಸಿ ಅವಳನ್ನ ಕೊಲ್ತೀಯಾ? ಊರಿನ ಬಾಯಿ ತಾನೆ, ನಾಲ್ಕು ದಿನಕ್ಕೆ ಮುಚ್ಚುತ್ತೆ."

"ನಮಗೆ ನಾಲ್ಕು ದಿನಕ್ಕೆ ಮುಚ್ತಾ?" ಎಂದಳು ಅಕ್ಕ. "ನಾನು ಊದಿಸ್ಕೊಂಡೋಳು ಕಣೇ. ಆದ್ರೆ ನಮ್ಮಜ್ಜಿ ತಪ್ಪು ಮಾಡಿಲ್ಲ ಅಂತ ನಂಗೆ ಗೊತ್ತಿತ್ತು, ಅದಕ್ಕೆ ಕಿವಿ ಕಚ್ಚೋಕಾಯ್ತು. ಅವನಿಗೆ ಅದೂ ಇಲ್ಲ ಈಗ. ಅವನ ಮನೆಯವರನ್ನ ಅವನೇ ನಂಬ್ತಿಲ್ಲ."

ನನಗೆ ಕೋಪ ಬಂತು. ಮೂರು ದಿನ ಅವಳೊಂದಿಗೆ ಮಾತು ಬಿಟ್ಟೆ.

ಆ ಮೂರು ದಿನದಲ್ಲಿ ಅವಳು ಕ್ಯಾಸೆಟ್ ಬಂದ ಬಂದ ಹಾಗೆ ಬಿಚ್ಚಿ, ತುಂಡನ್ನು ಮತ್ತೆ ಸೇರಿಸಿದಳು. ಐದು ಸರಿಹೋದವು. ಆರನೆಯ ತುಂಡು ಡಬ್ಬಿಯಲ್ಲಿ ಮಡಿಸಿಹೋಗಿ ಕೆಟ್ಟಿದೆ ಎಂದು ಬಿಸಾಕಿದಳು. ಆ ಆರನೆಯದು ಅಮ್ಮನ ಪ್ಲೇಯರಿನಲ್ಲಿದ್ದದ್ದು. ತುಂಡು ನಿಜವಾಗಿ ಕೆಟ್ಟಿತ್ತೇ ಎಂದು ನಾನು ಕೇಳಲಿಲ್ಲ.

ಸರಿಮಾಡಿದ ಒಂದನ್ನು ಹಿಡಿದು ಅವಳೇ ವ್ಯಾನಣ್ಣನ ಮನೆಗೆ ಹೋದಳು. ಅವನೆದುರು ಕೂತು ಹಾಕಿ ತೋರಿಸಿದಳು. ಯಾರು ಕತ್ತರಿಸಿದ್ದು, ಯಾಕೆ, ಎಲ್ಲ ಹೇಳಿದಳು. ಅವನು ದೀಪದ ದೃಶ್ಯವನ್ನು ಎರಡು ಸಲ ನೋಡಿದನಂತೆ. "ನೀವು ದೀಪದವರಾ?" ಎಂದು ಕೇಳಿದನಂತೆ. ಇವಳು ಹೌದು ಎಂದಳು. ಅವನ ಹೆಂಡತಿ ಬಾಗಿಲ ಹತ್ತಿರ ಹೋಗಿ ನಿಂತಳು, ಹೊರಡಿ ಎನ್ನುವ ಹಾಗೆ. ಇವಳು ಎದ್ದು ಬಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ನನ್ನ ಹತ್ತಿರ ಹೇಳಿದಳು.

ಊರಿನ ಗಿರಾಕಿಗಳಿಗೆ ಮಾತ್ರ ಬೇರೆ ಮಾತು. "ಮೊದಲು ಈ ಸೀನ್ ಇರ್ಲಿಲ್ವಲ್ಲ ಟೇಪಕ್ಕ?" ಎಂದರೆ, "ಟೇಪ್ ಕೆಟ್ಟಿತ್ತು, ಸರಿ ಮಾಡಿದೀನಿ," ಎನ್ನುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ಯಾರು ಬಂದರೂ ಕೇಳುವ ಮೊದಲೇ ಇದನ್ನು ಹೇಳತೊಡಗಿದಳು. ಐದಕ್ಕೆ ಐದೂ ಒಂದೇ ಜಾಗದಲ್ಲಿ ಹೇಗೆ ಕೆಟ್ಟವು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಅಕ್ಕ ಅವನ ಮನೆಗೆ ಹೋಗಿ ಬಂದ ಎಂಟನೆಯ ದಿನ ಅಮ್ಮ ಡಾಕ್ಟರ ಹತ್ತಿರ ಹೋಗಬೇಕಿತ್ತು. ಅವನು ಬರುವುದಿಲ್ಲ ಎಂದುಕೊಂಡು ನಾನು ಬೇರೆ ಗಾಡಿ ಹುಡುಕಲು ಹೊರಟಿದ್ದೆ. ಹತ್ತು ಗಂಟೆಗೆ ಸರಿಯಾಗಿ ವ್ಯಾನ್ ಬಂದು ನಿಂತಿತು. ಮೇಲೆ ಬಂದ, ನಮ್ಮಿಬ್ಬರನ್ನೂ ನೋಡಲಿಲ್ಲ. ಬೆನ್ನು ಬಗ್ಗಿಸಿ ಅಮ್ಮನನ್ನು ಹೊತ್ತುಕೊಂಡ. ಅಕ್ಕ ಅಮ್ಮನ ಚಪ್ಪಲಿ ಹಿಡಿದು ಮುಂದೆ ಇಳಿಯುತ್ತಿದ್ದಳು, ನಾನು ಹಿಂದಿದ್ದೆ.

"ಮುಖ ಯಾಕಪ್ಪ ಬಾಡಿದೆ?" ಎಂದಳು ಅಮ್ಮ, ಅವನ ಕಿವಿಯ ಹತ್ತಿರ. "ಆ ಸಿನಿಮಾ ವಿಷಯವಾ? ನಂಗೂ ಕಿವಿಗೆ ಬಿತ್ತು. ಮನಸ್ಸಿಗೆ ಹಚ್ಕೋಬೇಡ. ನಿಮ್ಮ ಮುತ್ತಾತ ಮಾಡಿದ್ದಕ್ಕೆ ನೀನೇನು ಮಾಡೋಕಾಗುತ್ತೆ? ನಾನಂತೂ ನಿನ್ನ ಆ ಕಣ್ಣಿಂದ ನೋಡಲ್ಲ. ಅವನನ್ನೂ ಕ್ಷಮಿಸಿದೀನಿ, ಪಾಪ, ಏನು ಕಷ್ಟ ಇತ್ತೋ ಅವನಿಗೆ."

ಅವನು ಒಂದು ಮೆಟ್ಟಿಲ ಮೇಲೆ ನಿಂತ. ಉಸಿರು ಎಳೆದುಕೊಂಡ. "ಆಯ್ತಮ್ಮ," ಎಂದ.

ಅಕ್ಕ ತಿರುಗಿ ನಿಂತಳು. "ಇಲ್ಲಮ್ಮ. ಅವನ ಮುತ್ತಾತ ಏನೂ ಮಾಡಿಲ್ಲ. ಸಿನಿಮಾದಲ್ಲಿ ದೀಪ ಇದೆ. ಉಂಗುರಾನೂ ಇದೆ. ನಾನೇ ಕತ್ತರಿಸಿ ತೆಗ್ದೆ. ಇವನಿಗೆ ಗೊತ್ತು."

ಮೆಟ್ಟಿಲ ಮೇಲೆ ನಾಲ್ಕು ಜನ ಹಾಗೇ ನಿಂತೆವು. ಅಮ್ಮ ಅವನ ಬೆನ್ನ ಮೇಲೆ, ಕೈಗಳು ಅವನ ಕೊರಳ ಸುತ್ತ.

"ಇಳಿಸು ನನ್ನ," ಎಂದಳು. ಅವನು ಮೆಟ್ಟಿಲ ಮೇಲೆಯೇ ಕೂರಿಸಿದ. ಅಮ್ಮ ಅಕ್ಕನನ್ನು ನೋಡಲಿಲ್ಲ, ಅವನ ಮುಖ ನೋಡಿದಳು. "ಗೊತ್ತಿದ್ದೂ ಯಾಕೆ ಆಯ್ತಮ್ಮ ಅಂದೆ?"

"ನಿಮಗೆ ನೆಮ್ಮದಿ ಇರ್ಲಿ ಅಂತ ಅಮ್ಮ. ಒಂದು ಒಳ್ಳೇ ಮಾತು."

"ಒಳ್ಳೇ ಮಾತು ಆಡ್ಬೇಕು ಅಂತ ಹೋಗಿಯೇ ಕಣಪ್ಪ ಆ ಯಜಮಾನಿ ನಮ್ಮಜ್ಜಿನ ಹಾಳು ಮಾಡಿದ್ದು," ಎಂದಳು ಅಮ್ಮ. "ಆರಿಸು ಅಂದಿದ್ರೆ ಆಗೋದು." ಆಮೇಲೆ ಅಕ್ಕನ ಕಡೆ ತಿರುಗಿದಳು. "ನೀನು ನನ್ನ ಮಗಳಾಗಿ ನಂಗೇ ದೀಪ ದೊಡ್ಡದು ಮಾಡ್ದೆ."

ಅಕ್ಕ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಅತ್ತಳು. ಡಾಕ್ಟರ ಹತ್ತಿರ ಅಂದು ಹೋಗಲಿಲ್ಲ. ಅವನೇ ಅಮ್ಮನನ್ನು ಮತ್ತೆ ಮೇಲಕ್ಕೆ ಹೊತ್ತು ತಂದ.

ಅಮ್ಮ ಸರಿಮಾಡಿದ ಕ್ಯಾಸೆಟ್ ತರಿಸಿ ನೋಡಿದಳು. ನಟಿ ಉಂಗುರ ಹಾಕಿ ತೆಗೆದು ನಕ್ಕಳು, ದೀಪ ಎತ್ತಿದಳು. "ಒಂಬತ್ತು ವರ್ಷದ ಮಗುನಾ ಇದು?" ಎಂದಷ್ಟೇ ಕೇಳಿದಳು. ಆಮೇಲೆ, "ಆರಿಸು," ಎಂದಳು. ನಾನು ಆರಿಸಿದೆ. ಮತ್ತೆ ಆ ಸಿನಿಮಾ ನಮ್ಮ ಮನೆಯಲ್ಲಿ ಓಡಲಿಲ್ಲ. ಅಮ್ಮನ ಊಟ ಹಿಂದಿನ ಹಾಗೆ ಎರಡು ತುತ್ತಿಗೆ ಇಳಿಯಿತು.

ಮರುದಿನ ಅಮ್ಮನೇ ಹೇಳಿ ಬರೆಸಿದಳು. ಐದು ಪೆಟ್ಟಿಗೆಗಳ ಮೇಲೂ ನಾನು ಚೀಟಿ ಅಂಟಿಸಿದೆ. 'ಈ ಕ್ಯಾಸೆಟ್ಟಿನಿಂದ ಎಂಬತ್ತಮೂರು ಅಂಗುಲ ಕತ್ತರಿಸಿದ್ದು ಟೇಪಕ್ಕ. ದೀಪ ಎತ್ತಿದವಳು ನಮ್ಮ ಅಜ್ಜಿ. ಆಗ ಅವಳಿಗೆ ಒಂಬತ್ತು ವರ್ಷ. ದೊಡ್ಡದು ಮಾಡು ಅಂದರು, ಮಾಡಿದಳು. ಅಂಬಿಗನ ತಪ್ಪಿಲ್ಲ.'

ಊರು ಓದಿತು. ವ್ಯಾನಿಗೆ ಆರು ಮಕ್ಕಳು ವಾಪಸು ಬಂದವು, ಮೂರು ನಡೆದು ಅಭ್ಯಾಸ ಮಾಡಿಕೊಳ್ಳುತ್ತಲೇ ಉಳಿದವು. ಹುಟ್ಟು ಸುಡದೆ ಉಳಿದಿತ್ತು. ಈಗ ಗೋಡೆಯ ಮೊಳೆ ಸಡಿಲವಾಗಿದೆ ಎಂದು ಮೂಲೆಗೆ ಒರಗಿಸಿ ಇಟ್ಟಿದ್ದಾನೆ, ಯಾರಿಗೂ ತೋರಿಸುವುದಿಲ್ಲ. ಅಕ್ಕ ತರಕಾರಿ ತರಲು ಹೋದಾಗ ಯಾರದೋ ಮಗು ಎದುರು ನಿಂತು ಕೆನ್ನೆ ಉಬ್ಬಿಸಿ ಉಫ್ ಎಂದಿತು. ಯಾರು ಹೇಳಿಕೊಟ್ಟರೋ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಿವಿ ಕಚ್ಚುವಂತಿಲ್ಲವಲ್ಲ, ಸುಮ್ಮನೆ ಬಂದಳು.

ವ್ಯಾನಣ್ಣ ತಿಂಗಳಿಗೊಮ್ಮೆ ಬಂದು ಅಮ್ಮನನ್ನು ಹೊತ್ತು ಇಳಿಸುವುದನ್ನು ಬಿಡಲಿಲ್ಲ, ಅಮ್ಮ ಇರುವ ತನಕ ಬಂದ. ಶನಿವಾರದ ಕ್ಯಾಸೆಟ್ಟಿಗೆ ಮಾತ್ರ ಬರಲಿಲ್ಲ. ಒಂದು ದಿನ ಬೀದಿಯಲ್ಲಿ ಸಿಕ್ಕಾಗ ನಾನೇ ತಡೆದು ಕೇಳಿದೆ. "ಇನ್ನೂ ಕೋಪ ಹೋಗಿಲ್ವೇನಪ್ಪ?"

"ಕೋಪ ಯಾವತ್ತೋ ಹೋಯ್ತು," ಎಂದ. "ನಿಮ್ಮ ಅಂಗಡಿ ಕ್ಯಾಸೆಟ್ ಹಾಕಿದ್ರೆ ಕಥೆ ನೋಡೋಕೇ ಆಗಲ್ಲ. ಚಿತ್ರ ಒಂಚೂರು ನಡುಗಿದ್ರೆ ಸಾಕು, ಇಲ್ಲೇನು ಕತ್ತರಿಸಿದಾರೋ, ಯಾರನ್ನ ಉಳಿಸೋಕೋ ಅಂತ ಅದನ್ನೇ ಯೋಚ್ನೆ ಮಾಡ್ತಾ ಕೂರ್ತೀನಿ."

ಅಂಗಡಿಗೆ ಬಂದು ಅಕ್ಕನಿಗೆ ಹೇಳಿದೆ. ಅವಳ ಮುಂದೆ ಯಾವುದೋ ಹಾಡಿನ ಕ್ಯಾಸೆಟ್ ಬಿಚ್ಚಿಕೊಂಡಿತ್ತು, ಕೈಯಲ್ಲಿ ಬ್ಲೇಡ್ ಇತ್ತು.

"ನಾನೂ ಅಷ್ಟೇ," ಎಂದಳು.

ಆಮೇಲೆ ಸುಕ್ಕಾದ ಭಾಗವನ್ನು ಕತ್ತರಿಸಿ, ದರ್ಜಿಯ ಪಟ್ಟಿ ಹಿಡಿದು ಅಳೆದಳು. "ಏಳು ಅಂಗುಲ," ಎಂದಳು. "ಪೆಟ್ಟಿಗೆ ಮೇಲೆ ಬರಿ."